ಪಟದ ಕೆಳಗಿನ ಹೆಸರು

ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಅಪ್ಪ ಮೊದಲು ಕಿಟಕಿ ಎಲ್ಲಿದೆ ಎಂದು ನೋಡುತ್ತಿದ್ದರು, ಅಮ್ಮ ಒಲೆ ಎಲ್ಲಿದೆ ಎಂದು. ಗೆಲ್ಲುತ್ತಿದ್ದದ್ದು ಯಾವಾಗಲೂ ಕಿಟಕಿಯೇ. ಉತ್ತರಕ್ಕೆ ತೆರೆಯುವ ಕಿಟಕಿಯಿರುವ ಕೋಣೆ ಅಪ್ಪನ ಚಿತ್ರದ ಹಲಗೆಗೆ, ಮಿಕ್ಕಿದ್ದರಲ್ಲಿ ನಮ್ಮ ಮೂವರ ಊಟ, ನಿದ್ದೆ, ಜಗಳ. ಉತ್ತರದ ಬೆಳಕು ದಿನವಿಡೀ ಒಂದೇ ಸಮ ಇರುತ್ತದೆ, ನೆರಳು ಓಡಾಡುವುದಿಲ್ಲ, ಚಿತ್ರ ಬರೆಯುವವರಿಗೆ ಅದು ಬೇಕೇ ಬೇಕು. ನನಗೂ ಈಗ ಬೇಕು, ಹಾಗಾಗಿ ಅಪ್ಪ ಹೇಳಿದ್ದು ಸುಳ್ಳೆನ್ನಲಾರೆ. ಆದರೆ ಪುತ್ತೂರಿನಲ್ಲಿ ಅಕ್ಕಿ ಗಿರಣಿಯ ಹಿಂದಿನ ಮನೆಯ ಅಡುಗೆಕೋಣೆಗೆ ಹಾಡಹಗಲಿನಲ್ಲೂ ಚಿಮಣಿ ದೀಪ ಬೇಕಾಗುತ್ತಿತ್ತು. ಅಮ್ಮ ಅಕ್ಕಿಯ ಕಲ್ಲು ಆರಿಸಲು ಮೊರ ಹಿಡಿದುಕೊಂಡು ಹೊರಗಿನ ಮೆಟ್ಟಿಲಿಗೆ ಬರುತ್ತಿದ್ದಳು, ಮೀನು ಕೊಯ್ಯಲು ಹಿತ್ತಿಲಿಗೆ ಹೋಗುತ್ತಿದ್ದಳು, ಹಾಲು ಒಡೆದಿದೆಯೋ ಇಲ್ಲವೋ ಎಂದು ಮೂಗಿನಿಂದಲೇ ತಿಳಿದುಕೊಳ್ಳುತ್ತಿದ್ದಳು. ಅಷ್ಟೆಲ್ಲ ಬೆಳಕು ತಿನ್ನುತ್ತಿದ್ದ ಆ ಇನ್ನೊಂದು ಕೋಣೆಯಲ್ಲಿ ಇರುತ್ತಿದ್ದದ್ದು ಅಪ್ಪ ಮತ್ತು ಸತ್ತವರು.

ಸತ್ತವರ ಪಟ ಬರೆಯುವುದು ಅಪ್ಪನ ಕೆಲಸ. ಫೋಟೋ ಇದ್ದವರದ್ದನ್ನು ನೋಡಿ ದೊಡ್ಡದು ಮಾಡಿ ಬರೆಯುತ್ತಿದ್ದರು, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ ಎಂದು ಅವರೇ ಹೇಳುತ್ತಿದ್ದರು. ಅವರ ಹೆಸರು ಹಬ್ಬಿದ್ದು ಫೋಟೋ ಇಲ್ಲದವರದ್ದನ್ನು ಬರೆದು. ಜೀವಮಾನದಲ್ಲಿ ಒಮ್ಮೆಯೂ ಕ್ಯಾಮೆರಾದ ಎದುರು ನಿಲ್ಲದೆ ಹೋದ ಅಜ್ಜ ಅಜ್ಜಿಯರು ಆಗ ಮನೆಗೊಬ್ಬರಂತೆ ಇದ್ದರು. ಅಪ್ಪ ಆ ಮನೆಗೆ ಹೋಗಿ, ಚಾವಡಿಯಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಮೂಗು ಯಾರದ್ದು, ಹಣೆ ಯಾರದ್ದು ಎಂದು ಕೇಳುತ್ತಿದ್ದರು. ಎರಡನೆಯ ಮಗನ ಮೂಗು, ತಂಗಿಯ ಗಲ್ಲ, ಮೊಮ್ಮಗಳ ಕಣ್ಣು, ಹೀಗೆ ಒಟ್ಟು ಮಾಡಿ ಒಂದು ಮುಖ ನಿಲ್ಲಿಸುತ್ತಿದ್ದರು. ಮುಗಿದ ಮೇಲೆ ಮನೆಯವರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು ಇವರೇ ಇವರೇ ಅನ್ನುತ್ತಿದ್ದರು. ಒಂದು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ. ಅದು ಕಿವಿ. ಸ್ವಂತ ಅಪ್ಪನ ಕಿವಿ ಹೇಗಿತ್ತು ಎಂದು ಹೇಳಬಲ್ಲ ಮಗನನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಹಾಗಾಗಿ ಕಿವಿಯನ್ನು ಅಪ್ಪ ಮನೆಗೆ ಬಂದು ಬರೆಯುತ್ತಿದ್ದರು, ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ. ಪುತ್ತೂರಿನಿಂದ ಕಾಣಿಯೂರಿನವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲಿರುವ ಹಿರಿಯರು ಇಂದಿಗೂ ಕೇಳಿಸಿಕೊಳ್ಳುವುದು ನನ್ನ ಕಿವಿಯಿಂದ.

ಒಂದು ಊರಿನಲ್ಲಿ ನಾವು ಮೂರು ವರ್ಷಕ್ಕಿಂತ ಹೆಚ್ಚು ಇದ್ದದ್ದೇ ಇಲ್ಲ. ಸುತ್ತಲಿನ ಮನೆಗಳಿಗೆಲ್ಲ ಪಟ ಬರೆದು ಮುಗಿದ ಮೇಲೆ ಅಪ್ಪ ಬೆಳಿಗ್ಗೆ ಚಹ ಕುಡಿಯುತ್ತಾ ಪಕ್ಕದ ಪೇಟೆಯ ಹೆಸರು ಎತ್ತುತ್ತಿದ್ದರು. ಅಮ್ಮನಿಗೆ ಅಷ್ಟು ಸಾಕು.

"ಇಲ್ಲಿಯ ಸತ್ತವರು ಮುಗಿದ್ರು ವಾರಿಜಾ, ಪಾತ್ರೆ ಕಟ್ಟು" ಎಂದು ನನ್ನನ್ನು ಕೂಗುತ್ತಿದ್ದಳು.

ತಮಾಷೆಗೆ ಹೇಳುತ್ತಿದ್ದಳು ಎಂದು ನಾನು ಸಣ್ಣವಳಿರುವಾಗ ಅಂದುಕೊಂಡಿದ್ದೆ. ಅವಳ ಮುಖ ನೋಡುವಷ್ಟು ದೊಡ್ಡವಳಾದ ಮೇಲೆ ನಗು ನಿಂತಿತು. ಅವಳು ನೆಟ್ಟ ಬಸಳೆ ಚಪ್ಪರಕ್ಕೆ ಹಬ್ಬುವ ಹೊತ್ತಿಗೆ ನಾವು ಹೊರಡುತ್ತಿದ್ದೆವು, ಪ್ರತಿ ಸಲವೂ. ಕಪ್ಪು ಟ್ರಂಕು, ಗೋಣಿಯಲ್ಲಿ ಪಾತ್ರೆ, ಅಷ್ಟನ್ನೂ ಬಸ್ಸಿನ ಮೇಲೆ ಏರಿಸಿ ಅಪ್ಪ ಹಲಗೆಯನ್ನು ಮಾತ್ರ ಒಳಗೆ ತಂದು ನನ್ನ ತೊಡೆಯ ಮೇಲೆ ಇಡುತ್ತಿದ್ದರು. ನನಗೆ ಶಾಲೆಯಲ್ಲಿ ಗೆಳತಿಯರು ಎಂದು ಯಾರೂ ಗಟ್ಟಿಯಾಗಲಿಲ್ಲ. ಹೊಸ ಶಾಲೆಯಲ್ಲಿ ಅಪ್ಪನಿಗೆ ಎಂತ ಕೆಲಸ ಎಂದು ಕೇಳಿದಾಗ ಚಿತ್ರ ಬರೆಯುದು ಎನ್ನುತ್ತಿದ್ದೆ, ಯಾರದ್ದು ಎಂದು ಹೇಳುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಅಪ್ಪ ನನ್ನದೊಂದು ಪಟ ಬರೆಯಬೇಕು, ಪೂರ್ತಿ ಮುಖ, ಕೆಳಗೆ ನನ್ನ ಹೆಸರು. ಮುಗಿದ ಪಟದ ಕೆಳಗೆ ಹೆಸರು ಬರೆಯುವುದು ಅಪ್ಪನ ಕ್ರಮ. ಅಳಿಸಿ ತಿದ್ದುವುದಿಲ್ಲ, ಗೆರೆ ಎಳೆದುಕೊಳ್ಳುವುದಿಲ್ಲ, ಒಂದೇ ಉಸಿರಿನಲ್ಲಿ ಬರೆದು ಮುಗಿಸುತ್ತಿದ್ದರು. ವಾರಿಜ ಎನ್ನುವ ಮೂರು ಅಕ್ಷರ ಆ ಕೈಯಿಂದ ಹೇಗೆ ಬರಬಹುದು ಎಂದು ನಾನು ಸ್ಲೇಟಿನಲ್ಲಿ ಬರೆದು ಬರೆದು ನೋಡಿದ್ದೇನೆ. ಆರು ವರ್ಷದವಳಿರುವಾಗ ಕೇಳಲು ಶುರು ಮಾಡಿದ್ದು.

"ಅಪ್ಪಾ, ನನ್ನದು ಯಾವಾಗ?"

"ಆಗ್ಲಿ, ಕಾಗದ ಉಳೀಲಿ."

ಕಾಗದ ಉಳಿಯುತ್ತಿತ್ತು. ಉಳಿದದ್ದನ್ನು ಅವರು ಮುಂದಿನ ಸತ್ತವರಿಗೆ ಎತ್ತಿಡುತ್ತಿದ್ದರು.

ನನಗೆ ಹದಿನೈದು ವರ್ಷವಾದಾಗ ನಾವು ಕಾಣಿಯೂರಿನಲ್ಲಿ ಒಂದು ಜೀನಸಿನ ಅಂಗಡಿಯ ಮಾಳಿಗೆಯಲ್ಲಿದ್ದೆವು. ಕೆಳಗಿನಿಂದ ಒಣಮೆಣಸಿನ ಘಾಟು ಏರಿ ಬರುತ್ತಿತ್ತು, ಮೇಲೆ ಅಪ್ಪನ ಕಪ್ಪು ಪುಡಿ. ಪೆನ್ಸಿಲಿನ ಸೀಸವನ್ನು ಉಜ್ಜಿ ಪುಡಿ ಮಾಡಿ ಹತ್ತಿಯಿಂದ ಕಾಗದಕ್ಕೆ ಒರೆಸುವುದು ಅವರ ಪದ್ಧತಿ, ಆ ಪುಡಿ ಮನೆಯಿಡೀ ಕೂರುತ್ತಿತ್ತು. ಗಂಜಿಯ ಮೇಲೆ ಕೆನೆಗಟ್ಟಿದ ಹಾಗೆ ಕಪ್ಪು ಕಾಣುತ್ತಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ದಿನಕ್ಕೆ ಮೂರು ಸಲ ನೆಲ ಒರೆಸುತ್ತಿದ್ದಳು, ಅಪ್ಪ ಆ ಒದ್ದೆಯ ಮೇಲೆಯೇ ನಡೆದು ಹೋಗುತ್ತಿದ್ದರು. ಇದಕ್ಕೇ ಜಗಳ. ಹೊಸತೇನೂ ಇರುತ್ತಿರಲಿಲ್ಲ, ಆದರೂ ಇಬ್ಬರೂ ಬೇಸರವಿಲ್ಲದೆ ಅದನ್ನೇ ಆಡುತ್ತಿದ್ದರು. ಆ ವರ್ಷ ಮಳೆಗಾಲದ ಆಟಿ ತಿಂಗಳ ನಡುವಿನಲ್ಲಿ ಸಂಪಾಜೆಯಿಂದ ಕಾಗದ ಬಂತು, ಅಜ್ಜಿಗೆ ಸೌಖ್ಯವಿಲ್ಲ ಎಂದು. ಅಮ್ಮ ತವರಿಗೆ ಹೋದಳು, ಹತ್ತು ದಿನಕ್ಕೆ.

ಅವಳು ಹೋದ ಮರುದಿನ ಆಲಂಕಾರಿನಿಂದ ಒಬ್ಬರು ಯಜಮಾನರು ಬಂದರು. ನಾನು ಶಾಲೆಯಲ್ಲಿದ್ದೆ. ಆ ದಿನ ಏನು ಮಾತಾಯಿತು ಎನ್ನುವುದು ನನಗೆ ತಿಳಿದದ್ದು ಆಮೇಲೆ, ಅಮ್ಮ ಬಂದು ಅಪ್ಪನ ಬಾಯಿ ಬಿಡಿಸಿದಾಗ. ಆ ಯಜಮಾನರ ಮೊದಲ ಮಗಳು ಗುಲಾಬಿ ಹನ್ನೊಂದು ತಿಂಗಳಿಗೇ ತೀರಿಕೊಂಡಿದ್ದಳು. ನಮ್ಮ ಕಡೆ, ಮುಖ್ಯವಾಗಿ ತುಳು ಮನೆಗಳಲ್ಲಿ, ಸತ್ತ ಮಕ್ಕಳು ಸತ್ತಲ್ಲಿಗೆ ನಿಲ್ಲುವುದಿಲ್ಲ. ಅಲ್ಲಿಯೂ ವರ್ಷ ಕಳೆದಂತೆ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆಯ ವಯಸ್ಸಾದರೂ ಯಾರೂ ಕೇಳದೆ ಇದ್ದರೆ ಬೇಸರ ಮಾಡಿಕೊಂಡು ಇಲ್ಲಿರುವ ತಮ್ಮ ತಂಗಿಯರ ಮದುವೆಗೆ ಅಡ್ಡ ಬರುತ್ತಾರೆ ಎಂದು ನಂಬಿಕೆ. ಆಗ ಅದೇ ಪ್ರಾಯದ ಇನ್ನೊಂದು ಮನೆಯ ಸತ್ತ ಹುಡುಗನನ್ನು ಹುಡುಕಿ ಆಟಿಯಲ್ಲಿ ಕುಲೆ ಮದುವೆ ಮಾಡುತ್ತಾರೆ. ಕುಲೆ ಎಂದರೆ ತೀರಿಕೊಂಡವರ ಜೀವ. ಹೆಣ್ಣು ನೋಡುವುದರಿಂದ ಹಿಡಿದು ಧಾರೆಯವರೆಗೆ ಎಲ್ಲವೂ ಬದುಕಿದ್ದವರ ಮದುವೆಯ ಹಾಗೆಯೇ, ಎರಡು ಕುರ್ಚಿಯಲ್ಲಿ ಸೀರೆ, ಪಂಚೆ ಮಡಚಿಟ್ಟು. ಗುಲಾಬಿಯ ತಂಗಿಗೆ ಸಂಬಂಧ ಕೂಡಿಬರುತ್ತಿರಲಿಲ್ಲ. ಗುಲಾಬಿಗೆ ಕಡಬದ ಹತ್ತಿರದ ಹುಡುಗನೊಬ್ಬ ಗೊತ್ತಾಗಿದ್ದ, ನೀರಿಗೆ ಬಿದ್ದು ಸತ್ತವನು. ತೊಂದರೆ ಬಂದದ್ದು ಫೋಟೋದಿಂದ.

"ಹುಡುಗನದ್ದು ಶಾಲೆಯಲ್ಲಿ ತೆಗೆದ ಫೋಟೋ ಉಂಟು ಮಾಷ್ಟ್ರೆ, ಅದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿದ್ದಾರಂತೆ" ಎಂದರಂತೆ ಆ ಯಜಮಾನರು. "ನಮ್ಮ ಹುಡುಗಿಯದ್ದು ಬರೀ ಸೀರೆ ಇಡುದಾ? ನಮಗೂ ಒಂದು ಮರ್ಯಾದೆ ಬೇಡ್ವಾ?"

"ಹನ್ನೊಂದು ತಿಂಗಳ ಮಗು. ಮುಖ ಯಾರದ್ದು ಅಂತ ಹೇಳುದು?"

"ಈಗ ಇದ್ದಿದ್ರೆ ಇಪ್ಪತ್ತು. ನೀವು ಹೇಗಾದ್ರೂ ಮಾಡಿ. ಆಟಿ ಮುಗೀಲಿಕ್ಕೆ ದಿನ ಇಲ್ಲ."

ಅಪ್ಪ ಆಲಂಕಾರಿಗೆ ಹೋಗಿ ಆ ಮಗುವಿನ ತಾಯಿಯ ಮುಖವನ್ನಾದರೂ ನೋಡಿ ಬರಬಹುದಿತ್ತು. ಹೋಗಲಿಲ್ಲ. ಮನೆಯಲ್ಲೇ ಒಂದು ಹುಡುಗಿ ಇದ್ದಳಲ್ಲ.

ಶಾಲೆಯಿಂದ ಬಂದು ಪುಸ್ತಕ ಇಡುವಾಗ ಅಪ್ಪ ಕರೆದರು. ನಾಳೆ ರಜೆ ಹಾಕು, ಅಮ್ಮನ ಧಾರೆ ಸೀರೆ ಉಟ್ಟುಕೋ, ಕಿಟಕಿಯ ಹತ್ತಿರ ಕೂತುಕೋ ಎಂದರು. ಯಾಕೆ ಎಂದು ಕೇಳಲಿಲ್ಲ. ಒಂಬತ್ತು ವರ್ಷ ಕೇಳಿ ಕೇಳಿ ಕಾದದ್ದು ತಾನಾಗಿ ಬಂದಾಗ ಯಾಕೆ ಎಂದು ಯಾರು ಕೇಳುತ್ತಾರೆ? ನಾಲ್ಕು ದಿನ ಕೂತೆ. ಸೀರೆಗೆ ಟ್ರಂಕಿನ ನುಸಿಗುಳಿಗೆಯ ವಾಸನೆ. ಅಮ್ಮನ ಹಳೆಯ ಮೂಗುಬೊಟ್ಟನ್ನು ಅಪ್ಪ ಮೇಣದಿಂದ ನನ್ನ ಮೂಗಿಗೆ ಅಂಟಿಸಿದರು. ಅಷ್ಟು ಹತ್ತಿರ ಅವರು ನನ್ನ ಮುಖವನ್ನು ಅದಕ್ಕೆ ಮೊದಲು ನೋಡಿದ್ದೇ ಇಲ್ಲ, ನನ್ನ ಎಡಹುಬ್ಬಿನಲ್ಲಿ ಸಣ್ಣ ಗಾಯದ ಗುರುತಿದೆ ಎನ್ನುವುದು ಅವರಿಗೆ ಗೊತ್ತಾದದ್ದೂ ಆಗಲೇ. ನಾನು ಅಲ್ಲಾಡಲಿಲ್ಲ, ಕೆಮ್ಮು ಬಂದರೂ ನುಂಗಿಕೊಂಡೆ. ಮಧ್ಯಾಹ್ನ ಅಪ್ಪ ಕೆಳಗಿನ ಅಂಗಡಿಯಿಂದ ಬಾಳೆಹಣ್ಣು ತಂದು ಸುಲಿದು ಕೊಟ್ಟರು. ನನ್ನ ಬಾಲ್ಯದಲ್ಲಿ ಇಷ್ಟು ಸುಖವಾಗಿ ಕಳೆದ ದಿನಗಳು ಬೇರೆ ಇಲ್ಲ, ಅದನ್ನು ಹೇಳಿಕೊಳ್ಳಲು ಈಗಲೂ ಸಿಟ್ಟು ಬರುತ್ತದೆ. ಮೂರನೆಯ ದಿನ ನಾನು ಇಣುಕಿ ನೋಡಿ, ಇದು ನನಗಿಂತ ದೊಡ್ಡವಳ ಹಾಗೆ ಉಂಟು ಎಂದೆ.

"ಐದು ವರ್ಷ ಸೇರಿಸಿದ್ದೇನೆ" ಎಂದರು ಅಪ್ಪ. "ಮುಂದೆ ನೀನು ಹೀಗೇ ಕಾಣುದು, ನೋಡ್ತಿರು."

ಐದು ವರ್ಷವಾದ ಮೇಲೆ ನಾನು ಕನ್ನಡಿಯಲ್ಲಿ ನೋಡಿದ್ದೇನೆ. ಅವರು ಹೇಳಿದ್ದು ಸರಿಯಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಮುಖ ಮುಗಿಯಿತು. ಅಪ್ಪ ಪೆನ್ಸಿಲು ಕೆತ್ತಿ ಚೂಪು ಮಾಡಿದರು. ನಾನು ಅವರ ಹೆಗಲಿನ ಹಿಂದೆ ನಿಂತಿದ್ದೆ. ಅವರು ಒಂದೇ ಉಸಿರಿನಲ್ಲಿ ಬರೆದರು. ಗುಲಾಬಿ. ಕೈ ಒಂದಿಷ್ಟೂ ನಡುಗಲಿಲ್ಲ.

"ಅಪ್ಪಾ, ಇದು ನನ್ನ ಹೆಸರಲ್ಲ."

"ನಿನ್ನದು ಅಂತ ಹೇಳಿದ್ದು ಯಾರು? ಹೋಗು, ಸೀರೆ ಮಡಚಿಡು."

ಸಂಜೆಗೆ ಇಬ್ಬರು ಬಂದು ಪಟವನ್ನು ಹೆಗಲಿಗೆ ಹಾಕುವ ಹೊಸ ಬೈರಾಸಿನಲ್ಲಿ ಸುತ್ತಿಕೊಂಡು ಹೋದರು. ಬಂದವರಲ್ಲಿ ಒಬ್ಬರು ನನ್ನನ್ನು ನೋಡಿದರು, ಸುತ್ತಿದ ಪಟವನ್ನು ನೋಡಿದರು, ಬೇಗ ಬೇಗ ಮೆಟ್ಟಿಲಿಳಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಳು ಬರಲಿಲ್ಲ. ಮೂಗಿನಲ್ಲಿ ಮೇಣ ಹಾಗೆಯೇ ಇತ್ತು, ಅದನ್ನು ಉಗುರಿನಿಂದ ಕೆರೆದು ಕೆರೆದು ತೆಗೆದೆ. ಆ ವಾರವೇ ಆಲಂಕಾರಿನಲ್ಲಿ ಗುಲಾಬಿಯ ಮದುವೆಯಾಯಿತು. ಮದುವೆಯಾಗದವರು ಕುಲೆ ಮದುವೆಯನ್ನು ನೋಡಬಾರದು, ಮಕ್ಕಳಂತೂ ಆ ಕಡೆ ತಲೆ ಹಾಕುವಂತಿಲ್ಲ. ಹಾಗಾಗಿ ನನ್ನ ಮುಖಕ್ಕೆ ಬಾಸಿಂಗ ಕಟ್ಟಿದ್ದನ್ನು ನಾನು ನೋಡುವ ಹಾಗಿರಲಿಲ್ಲ.

ಅಮ್ಮ ಬಂದವಳು ಟ್ರಂಕಿನ ಮೇಲೆ ಬೇರೆ ರೀತಿ ಮಡಚಿಟ್ಟ ಸೀರೆಯನ್ನು ನೋಡಿದಳು. ಅಷ್ಟರಿಂದಲೇ ಶುರುವಾಗಿ ಅರ್ಧ ಗಂಟೆಯಲ್ಲಿ ಎಲ್ಲವೂ ಹೊರಬಿತ್ತು. ಅವಳು ಕೂಗಲಿಲ್ಲ. ಕೆಳಗಿನ ಅಂಗಡಿಯವರಿಗೆ ಕೇಳಬಾರದೆಂದು ಹಲ್ಲು ಕಚ್ಚಿಕೊಂಡು ಮಾತಾಡಿದಳು, ಅದು ಕೂಗುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಬದುಕಿರುವ ಮಗಳ ಮುಖ ಕುಲೆಗೆ ಕೊಟ್ಟು ಬಂದ್ರಾ? ನಿಮಗೆ ಮಂಡೆ ಸರಿ ಉಂಟಾ?"

"ಮುಖ ಕೊಟ್ರೆ ಎಂತ ಆಗ್ತದೆ? ಇವಳ ಮುಖ ಇವಳಲ್ಲೇ ಉಂಟಲ್ಲ."

"ನಾಳೆ ಇದಕ್ಕೆ ಮದುವೆ ಮಾಡಬೇಕು ನಾವು."

ಅಪ್ಪ ಬೆರಳಿನ ಕಪ್ಪು ಪುಡಿಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಅವರು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಪಟ ಚಂದ ಬಂದಿತ್ತು ಮಾರಾಯ್ತಿ" ಎಂದರು.

ಮರುದಿನ ಬೆಳಿಗ್ಗೆ ಅಮ್ಮ ನನ್ನ ಕೈ ಹಿಡಿದು ಆಲಂಕಾರಿಗೆ ಬಸ್ಸು ಹತ್ತಿದಳು. ಪಟ ವಾಪಸು ತಂದೇ ತರುತ್ತೇನೆ ಎಂದು ಹೊರಟವಳು ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಆ ಮನೆಯ ಅಂಗಳದಲ್ಲಿ ಚಪ್ಪರದ ಗೂಟ ಇನ್ನೂ ಕಿತ್ತಿರಲಿಲ್ಲ. ಒಳಗಿನಿಂದ ಗುಲಾಬಿಯ ತಾಯಿ ಬಂದರು. ದೇವಕಿಯಕ್ಕ, ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಅವರು ಅಮ್ಮನನ್ನು ನೋಡಲೇ ಇಲ್ಲ. ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡಿದರು. ಅಮ್ಮ ದಾರಿಯಲ್ಲಿ ಹೇಳಿಕೊಂಡದ್ದನ್ನೆಲ್ಲ ಹೇಳಿ ಮುಗಿಸುವವರೆಗೂ ಅವರ ಕಣ್ಣು ನನ್ನ ಮೇಲಿಂದ ತಪ್ಪಲಿಲ್ಲ.

"ಪಟ ಇಲ್ಲ" ಎಂದರು ಕೊನೆಗೆ. "ಮದುವೆ ಆದ ಮೇಲೆ ಹುಡುಗಿ ಗಂಡನ ಮನೆಗೆ ಹೋಗುದಲ್ವಾ. ಮೊನ್ನೆ ಕರ್ಕೊಂಡು ಹೋದ್ರು. ನಾನಾದ್ರೂ ಎಷ್ಟು ದಿನ ನೋಡಿದ್ದು?"

ಒಳಗೆ ಹೋಗಿ ಎರಡು ಲೋಟ ಬೆಲ್ಲದ ನೀರು ತಂದರು. ಅಮ್ಮ ಮುಟ್ಟಲಿಲ್ಲ, ನನಗೂ ಮುಟ್ಟಲು ಬಿಡಲಿಲ್ಲ. ಬಸ್ಸಿಗೆ ಕಾಯುವಾಗ ನನಗೆ ಬಾಯಾರಿಕೆಯಾಗಿತ್ತು, ಹೇಳಲು ಧೈರ್ಯವಾಗಲಿಲ್ಲ.

ಆ ದಿನದಿಂದ ಅಮ್ಮ ಅಪ್ಪನೊಡನೆ ಮಾತು ಬಿಟ್ಟಳು. ಕೆಲಸ ಯಾವುದನ್ನೂ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಾಳೆಲೆ ಹಾಕಿ ಬಡಿಸುತ್ತಿದ್ದಳು, ಮುಖ ಗೋಡೆಯ ಕಡೆ, ತುಟಿ ಒಳಗೆ ಒತ್ತಿಕೊಂಡು, ತುಟಿಯ ಎರಡೂ ಕೊನೆ ಕೆಳಗೆ ಇಳಿದಿರುತ್ತಿತ್ತು. ಉಪ್ಪು ಬೇಕಾದರೆ ಅಪ್ಪ ನನಗೆ ಹೇಳಬೇಕು, ನಾನು ಅಮ್ಮನಿಗೆ ಹೇಳಬೇಕು. ಇನ್ನೊಂದು ಶಪಥವನ್ನೂ ಮಾಡಿದ್ದಳು. ತನ್ನ ಮುಖ ಯಾರ ಕೈಗೂ ಸಿಗಬಾರದು. ಅಲ್ಲಿಂದ ಮುಂದೆ ಮದುವೆ ಮನೆಗಳಲ್ಲಿ ಫೋಟೋದವನು ಬಂದರೆ ಅಡುಗೆ ಕಡೆಗೆ ಎದ್ದು ಹೋಗುತ್ತಿದ್ದಳು. ನಾನು ಆಗಲೇ ಅಪ್ಪನ ಮುರಿದ ಪೆನ್ಸಿಲುಗಳಲ್ಲಿ ಗೀಚುತ್ತಿದ್ದೆ, ಅದನ್ನು ಅವಳು ನೋಡಿದ್ದಳು.

"ನೀನು ಯಾರದ್ದು ಬೇಕಾದ್ರೂ ಬರಿ" ಎಂದಳು. "ನನ್ನದು ಬರೀಬೇಡ. ನನ್ನ ಮುಖ ಯಾರ ಗೋಡೆಗೂ ಹೋಗ್ಬಾರ್ದು. ಮಾತು ಕೊಡು."

ಕೊಟ್ಟೆ. ಹದಿನೈದು ವರ್ಷಕ್ಕೆ ಮಾತು ಕೊಡುವುದು ಸುಲಭ.

ಅವಳು ಹೆದರಿದ ಹಾಗೆಯೇ ಆಯಿತು. ನಾವು ಸುಳ್ಯಕ್ಕೆ ಬಂದಿದ್ದೆವು, ನನಗೆ ಇಪ್ಪತ್ತೊಂದು. ಕಡಬದ ಕಡೆಯಿಂದ ನನ್ನನ್ನು ನೋಡಲು ಬಂದರು. ಹುಡುಗ ಬ್ಯಾಂಕಿನಲ್ಲಿದ್ದವನು, ನೋಡಲು ಪಾಪದವನ ಹಾಗಿದ್ದ, ನನಗೆ ಬೇಡ ಅನ್ನಿಸಲಿಲ್ಲ. ಅಮ್ಮ ಧಾರೆ ಸೀರೆಯನ್ನು ನನಗೆ ಉಡಿಸಲಿಲ್ಲ, ಅಕ್ಕಪಕ್ಕದವರದ್ದು ಕೇಳಿ ತಂದು ಉಡಿಸಿದಳು. ನಾನು ಅವಲಕ್ಕಿಯ ತಟ್ಟೆ ತಂದು ಇಟ್ಟಾಗ ಹುಡುಗನ ಸೋದರತ್ತೆ ನನ್ನ ಮುಖ ನೋಡಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ತಟ್ಟೆ ಮುಟ್ಟಲಿಲ್ಲ, ಬಿಸಿಲು ಏರುತ್ತದೆ ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟರು. ಮೂರು ದಿನ ಕಳೆದು ಮಧ್ಯಸ್ಥಿಕೆಯವರು ಬಂದು ಅಂಗಳದಲ್ಲೇ ನಿಂತರು.

"ಹುಡುಗಿಗೆ ಎಂತದೂ ಹೇಳ್ಲಿಕ್ಕಿಲ್ಲ. ಆದ್ರೆ ಆ ಮುಖ ಅವರ ಸಂಬಂಧಿಕರ ಮನೆಯಲ್ಲಿ ಮಾಲೆ ಹಾಕ್ಕೊಂಡು ಉಂಟಂತೆ. ಅಲ್ಲಿಗೆ ಸೊಸೆಯಾಗಿ ಹೋದವಳಂತೆ. ಒಮ್ಮೆ ಧಾರೆ ಆದವಳನ್ನು ಮತ್ತೆ ಹೇಗೆ ತರುದು, ಹೇಳಿ."

ನಗಬಹುದಾದ ಮಾತು. ಅಮ್ಮ ನಗಲಿಲ್ಲ. ಅಂದು ತಟ್ಟೆಯಲ್ಲಿ ಉಳಿದ ಅವಲಕ್ಕಿಯನ್ನು ಸತ್ತವರಿಗೆ ಇಡುವ ಹಾಗೆ ಕಾಗೆಗೆ ಹಾಕಿದ್ದು ನೆನಪಾಗಿ ಅವಳು ಆ ದಿನ ಊಟ ಮಾಡಲಿಲ್ಲ. ಅಪ್ಪ ಕಿಟಕಿಯ ಹತ್ತಿರ ಯಾರದ್ದೋ ಮೀಸೆ ತಿದ್ದುತ್ತಾ ಕೂತಿದ್ದರು. ಆಮೇಲೆ ಬಂದ ಇನ್ನೆರಡು ಸಂಬಂಧಗಳನ್ನು ನಾನೇ ಬೇಡವೆಂದೆ. ಚಿತ್ರ ಕಲಿಯಲೆಂದು ಊರು ಬಿಡುವ ಹಿಂದಿನ ದಿನ ಅಪ್ಪನ ಎದುರು ನಿಂತು, ನನ್ನದೊಂದು ಪಟ ಯಾಕೆ ಬರೆಯಲಿಲ್ಲ ಎಂದು ನೇರ ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಬದುಕಿರುವವರದ್ದು ಯಾರಿಗೆ ಬೇಕು? ಎದುರೇ ಉಂಟಲ್ಲ" ಎಂದರು.

ಹೋದೆ. ಮೈಸೂರು, ಬರೋಡಾ, ಕೊಲ್ಕತ್ತ, ಇನ್ನೆಷ್ಟೋ ಊರು, ಮತ್ತೆ ಮೈಸೂರು. ಕಲಿತೆ, ಕಲಿಸಿದೆ, ಪ್ರದರ್ಶನ ಮಾಡಿದೆ. ನನ್ನ ಚಿತ್ರಗಳಲ್ಲಿ ಮನೆಗಳಿವೆ, ಕಿಟಕಿಗಳಿವೆ, ಬಸ್ಸಿನ ಮೇಲೆ ಕಟ್ಟಿದ ಗೋಣಿಗಳಿವೆ. ಮುಖವಿಲ್ಲ. ಪತ್ರಿಕೆಗಳಲ್ಲಿ ಬರೆಯುವವರು ಅದಕ್ಕೆ ದೊಡ್ಡ ದೊಡ್ಡ ಅರ್ಥ ಹಚ್ಚಿದ್ದಾರೆ, ನಾನು ತಿದ್ದಲು ಹೋಗಿಲ್ಲ. ಯಾವ ಊರಿನಲ್ಲೂ ಮೂರು ವರ್ಷ ದಾಟಲಿಲ್ಲ, ಕಾರಣ ಪ್ರತಿ ಸಲವೂ ಬೇರೆ ಎಂದು ನನ್ನನ್ನೇ ನಂಬಿಸಿಕೊಂಡಿದ್ದೆ. ಅಪ್ಪ ಸುಳ್ಯದಲ್ಲಿ ತೀರಿಕೊಂಡರು. ಅಮ್ಮ ಸಂಪಾಜೆಯ ತವರುಮನೆಯಲ್ಲಿ, ಅರವತ್ತಮೂರನೆಯ ವರ್ಷಕ್ಕೆ. ಅವಳ ಉತ್ತರಕ್ರಿಯೆಯ ದಿನ ಮಾವ ಗೋಡೆಯ ಹತ್ತಿರ ಒಂದು ಮಣೆ ಇಟ್ಟು, ಫೋಟೋ ಇಲ್ಲದೆ ಮಾಲೆ ಎಲ್ಲಿಗೆ ಹಾಕುವುದು ಎಂದು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು, ನಾನು ಚಿತ್ರ ಬರೆಯುವವಳಲ್ಲವೇ. ಆಗುವುದಿಲ್ಲ ಎಂದೆ. ಕಲ್ಲು ಮನಸ್ಸಿನವಳು ಎಂದು ಹೆಸರಾಯಿತು.

ಹೋದ ವರ್ಷ ಪುತ್ತೂರಿಗೆ ವಾಪಸು ಬಂದೆ. ಹೊರಗೆ ಇರುವಷ್ಟು ಇದ್ದಾಯಿತು ಅನ್ನಿಸಿತ್ತು. ನಾಲ್ಕು ಮನೆ ನೋಡಿ ಒಂದನ್ನು ಒಪ್ಪಿದೆ. ಸಾಮಾನು ಇಳಿಸಿ, ಕ್ಯಾನ್ವಾಸುಗಳನ್ನು ಗೋಡೆಗೆ ಒರಗಿಸಿ, ಚಹಕ್ಕೆ ನೀರಿಡಲು ಅಡುಗೆಕೋಣೆಗೆ ಹೋದಾಗ ಸ್ವಿಚ್ಚು ಹುಡುಕಬೇಕಾಯಿತು. ಮಧ್ಯಾಹ್ನ ಹನ್ನೆರಡು ಗಂಟೆ. ಹೊರಗಿನ ಕೋಣೆಯಲ್ಲಿ ಉತ್ತರದ ಕಿಟಕಿ, ಬೇಕಾದಷ್ಟು ಬೆಳಕು. ಅಡುಗೆಕೋಣೆಯನ್ನು ನಾನು ಬಾಡಿಗೆಗೆ ಹಿಡಿಯುವಾಗ ನೋಡಿರಲೇ ಇಲ್ಲ. ಲೈಟು ಹಾಕಿ ಅಲ್ಲೇ ನಿಂತುಕೊಂಡೆ, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ತಿಂಗಳ ಹಿಂದೆ ಆಲಂಕಾರಿನಿಂದ ಫೋನು ಬಂತು. ದೇವಕಿಯಕ್ಕನ ಸೊಸೆ. ಅತ್ತೆಗೆ ನಿಮ್ಮನ್ನು ಒಮ್ಮೆ ನೋಡಬೇಕಂತೆ, ನೀವು ಪುತ್ತೂರಿಗೆ ಬಂದದ್ದು ಯಾರೋ ಹೇಳಿದರು ಎಂದಳು. ಹೋಗಬಾರದು ಎಂದೇ ಎರಡು ವಾರ ಕಳೆದೆ. ಹೋದೆ. ದೇವಕಿಯಕ್ಕನಿಗೆ ಈಗ ಎಂಬತ್ತು ದಾಟಿದೆ, ಕಣ್ಣಿನ ಆಪರೇಷನ್ ಆಗಿ ಚೆನ್ನಾಗಿ ಕಾಣುತ್ತದೆ. ಅದೇ ಹೊಸ್ತಿಲು, ಅದೇ ನೋಟ. ಹತ್ತಿರ ಕೂರಿಸಿಕೊಂಡು ನನ್ನ ತಲೆಯ ಮೇಲೆ ಕೈ ಆಡಿಸಿದರು. ಅವರು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೂದಲು ಹಣ್ಣಾಯ್ತಾ. ಗುಲಾಬಿಯದ್ದೂ ಆಗಿರಬಹುದು."

"ಆ ಪಟ ಈಗ ಎಲ್ಲುಂಟು?" ಎಂದು ಕೇಳಿದೆ. ಕೇಳಬಾರದು ಎಂದುಕೊಂಡೇ ಹೋಗಿದ್ದೆ.

"ಆ ಮನೆ ಕೆಡವಿ ಹೊಸತು ಕಟ್ಟಿದ್ರು. ಅದಕ್ಕೆ ಮೊದಲೇ ಗೆದ್ದಲು ಹಿಡಿದಿತ್ತಂತೆ."

ನಾನು ಏಳಲು ನೋಡಿದೆ. ಅವರು ನನ್ನ ಕೈ ಬಿಡಲಿಲ್ಲ.

"ನೀನು ಒಂದು ಬರೆದು ಕೊಡು ಮಗಾ. ಈಗ ಅವಳು ಹೇಗೆ ಇದ್ದಾಳೋ ಹಾಗೆ."

ನನಗೆ ಕೋಪ ನೆತ್ತಿಗೇರಿತು. ನಲವತ್ತಮೂರು ವರ್ಷ ಒಳಗೆ ಇಟ್ಟುಕೊಂಡದ್ದು ಆ ಮುದುಕಿಯ ಮೇಲೆ ಬಿತ್ತು. ಅದು ನನ್ನ ಮುಖ ದೇವಕಿಯಕ್ಕ, ಎಂದೆ. ನಿಮ್ಮ ಮಗಳದ್ದಲ್ಲ. ನಿಮ್ಮ ಮಗಳ ಮುಖ ಹೇಗಿರುತ್ತಿತ್ತು ಎಂದು ಯಾರಿಗೂ ಗೊತ್ತಿಲ್ಲ. ಆ ಪಟದಿಂದ ನನ್ನ ಮನೆ ಒಡೆಯಿತು, ಮದುವೆ ತಪ್ಪಿತು, ನನ್ನ ಅಮ್ಮ ಸಾಯುವವರೆಗೂ ಸರಿಯಾಗಿ ನಗಲಿಲ್ಲ. ಸೊಸೆ ಬಾಗಿಲಲ್ಲಿ ಬಂದು ನಿಂತಳು. ದೇವಕಿಯಕ್ಕ ಎಲ್ಲವನ್ನೂ ಕೇಳಿಸಿಕೊಂಡರು.

"ಗೊತ್ತುಂಟು" ಎಂದರು. "ನಿನ್ನ ಅಮ್ಮ ನಿನ್ನನ್ನು ಕರ್ಕೊಂಡು ಬಂದ ದಿನವೇ ಗೊತ್ತಾಗಿದೆ. ನಾನು ಎಂತ ಮಾಡ್ಲಿ? ನನಗೆ ಬೇರೆ ಮುಖ ಇಲ್ಲ. ಹನ್ನೊಂದು ತಿಂಗಳದ್ದು ಮರೆತು ಹೋಗಿದೆ. ಇನ್ನು ನಾನು ಅಲ್ಲಿಗೆ ಹೋಗುವವಳು. ಅಲ್ಲಿ ಅಷ್ಟು ಜನ ಇರ್ತಾರೆ, ಅವಳ ಗುರ್ತ ನನಗೆ ಹೇಗೆ ಸಿಕ್ಕುದು, ನೀನೇ ಹೇಳು."

ಸೊಸೆ ಬೆಲ್ಲದ ನೀರು ತಂದಿಟ್ಟಳು. ಈ ಸಲ ಕುಡಿದೆ.

ಮನೆಗೆ ಬಂದು ಕಿಟಕಿಯ ಪಕ್ಕ ಕನ್ನಡಿ ಇಟ್ಟುಕೊಂಡೆ. ಮುಖ ಬರೆಯದೆ ಮೂವತ್ತು ವರ್ಷಕ್ಕೂ ಹೆಚ್ಚಾಗಿತ್ತು, ಕೈ ಮರೆತಿರಬಹುದು ಎಂದುಕೊಂಡಿದ್ದೆ, ಮರೆತಿರಲಿಲ್ಲ. ಅಪ್ಪನ ಹಾಗೆಯೇ ಸೀಸ ಉಜ್ಜಿ ಪುಡಿ ಮಾಡಿದೆ, ಹತ್ತಿಯಿಂದ ಒರೆಸಿದೆ. ಮೂರು ದಿನದಲ್ಲಿ ಕಾಗದದ ಮೇಲೆ ನಾನು ಬಂದೆ. ಹುಬ್ಬಿನ ಗಾಯ, ನನ್ನ ಕಿವಿ, ಐವತ್ತೆಂಟರ ನನ್ನ ಮುಖ. ಆರನೆಯ ವರ್ಷದಿಂದ ಬೇಡಿದ್ದು ಅಷ್ಟೇ ಅಲ್ಲವೇ. ಅಲ್ಲಿಗೇ ನಿಲ್ಲಿಸಿ ನನ್ನ ಮೂರು ಅಕ್ಷರ ಬರೆದು, ಪಟವನ್ನು ನನ್ನ ಗೋಡೆಗೆ ತೂಗುಹಾಕಿ, ಮುದುಕಿಗೆ ಆಗುವುದಿಲ್ಲ ಎಂದು ಫೋನು ಮಾಡಬಹುದಿತ್ತು. ಆದರೆ ಗುಲಾಬಿ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ನಾಲ್ಕನೆಯ ದಿನ ಬೆಳಿಗ್ಗೆ ಐದು ವರ್ಷ ಸೇರಿಸಲು ಕೂತೆ. ಕಣ್ಣಿನ ಕೆಳಗೆ ಒಂದು ಗೆರೆ, ಗಲ್ಲದ ಕೆಳಗೆ ಸ್ವಲ್ಪ ಸಡಿಲ, ತುಟಿ ತುಸು ತೆಳ್ಳಗೆ, ಅದರ ಎರಡೂ ಕೊನೆ ಕೆಳಗೆ. ಹಿಂದೆ ಸರಿದು ನೋಡಿದೆ. ಕಾಗದದ ಮೇಲೆ ಅಮ್ಮ ಕೂತಿದ್ದಳು. ಅಪ್ಪನಿಗೆ ಬಡಿಸುವಾಗ ಗೋಡೆಯ ಕಡೆ ತಿರುಗುತ್ತಿದ್ದ ಅದೇ ಮುಖ, ಅರವತ್ತಮೂರು ವರ್ಷದ್ದು.

ಎರಡು ದಿನ ಅದನ್ನು ತಿರುಗಿಸಿ ಇಟ್ಟೆ. ಹರಿದು ಹಾಕಬೇಕಿತ್ತು. ಕೊಟ್ಟ ಮಾತು ನೆನಪಿತ್ತು, ಯಾವಾಗ ಎಲ್ಲಿ ನಿಂತು ಕೊಟ್ಟೆ ಎನ್ನುವುದೂ ನೆನಪಿತ್ತು. ಎರಡು ಸಲ ಕೈಯಲ್ಲಿ ಎತ್ತಿಕೊಂಡೆ, ಹರಿಯಲಾಗಲಿಲ್ಲ. ಪಟ ಚಂದ ಬಂದಿತ್ತು. ಬೇರೆ ಕಾರಣ ಹೇಳಿಕೊಳ್ಳಬಹುದು, ಮುದುಕಿಯ ಮೇಲಿನ ಕನಿಕರ ಎನ್ನಬಹುದು, ಅದೂ ಸುಳ್ಳಲ್ಲ. ಆದರೆ ಕಾರಣ ಇದೇ. ಬೈರಾಸು ಸುತ್ತಿ ಆಲಂಕಾರಿನ ಬಸ್ಸು ಹತ್ತಿದೆ, ಪಟವನ್ನು ತೊಡೆಯ ಮೇಲೆ ಇಟ್ಟುಕೊಂಡು.

ದೇವಕಿಯಕ್ಕ ಬೆಳಕಿಗೆ ತಿರುಗಿಸಿ ಹಿಡಿದು ಬಹಳ ಹೊತ್ತು ನೋಡಿದರು.

"ಸಿಟ್ಟಿನಲ್ಲಿ ಇದ್ದಾಳೆ" ಎಂದರು.

"ಹೌದು."

"ಇರ್ಲಿ. ನಾನು ಹೋಗಿ ಸಮಾಧಾನ ಮಾಡ್ತೇನೆ. ಇನ್ನು ಗುರ್ತ ಸಿಕ್ತದೆ."

ಅಲ್ಲಿಗೆ ಹೋಗಿ ಮಗಳೇ ಎಂದು ಈಕೆ ಹಿಡಿಯುವುದು ನನ್ನ ಅಮ್ಮನ ಕೈಯನ್ನು. ಅಮ್ಮ ಮೊದಲು ನೋಡುವುದು ಈಕೆಯನ್ನು, ಆಮೇಲೆ ಕೇಳುವುದು ಇದನ್ನು ಬರೆದದ್ದು ಯಾರು ಎಂದು. ಸೊಸೆ ಪಟದ ಕೆಳಗೆ ಖಾಲಿ ಬಿಟ್ಟ ಜಾಗವನ್ನು ತೋರಿಸಿ, ಹೆಸರು ಬರೆಯಲಿಲ್ಲವಾ ಎಂದಳು. ಚೀಲದಿಂದ ಪೆನ್ಸಿಲು ತೆಗೆದು ಗುಲಾಬಿ ಎಂದು ಬರೆದುಕೊಟ್ಟೆ. ಅಳಿಸಿ ತಿದ್ದಲಿಲ್ಲ. ಅಪ್ಪನ ಕೈಯ ಹಾಗೆಯೇ ನನ್ನದೂ ನಡುಗಲಿಲ್ಲ.